ಕೋಟೆ ಬಾಗಿಲ ಎಡಗಡೆಯ ಕಂಬ

"ನಿಜ ಹೇಳಿ... ಈ ಚಿತ್ರ ಇನ್ನೂರು ವರ್ಷ ಹಳೇದಾ?"

ಅವನು ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ, ಕೋಟೆ ಬಳಿ ಚಿತ್ರದಂಗಡಿ ಇಟ್ಟಿದ್ದ ಸಹನ ತಲೆ ತಗ್ಗಿಸಿ ಅದಕ್ಕೆ ಕಾಗದ ಸುತ್ತತೊಡಗಿದಳು. "ಊಂ... ಹಳೇದೇ," ಎಂದುಬಿಟ್ಟಳು.

ನಾಗಮಂಗಲದ ಡ್ರಾಯಿಂಗ್ ಮೇಷ್ಟ್ರು ಧರ್ಮೇಂದ್ರ ಆ ಚಿತ್ರವನ್ನು ಮಗುವಿನಂತೆ ಎತ್ತಿಕೊಂಡು ಹೋದ. ಚಿತ್ರದಲ್ಲಿ ಶ್ರೀರಂಗಪಟ್ಟಣದ ಕೋಟೆ ಬಾಗಿಲು. ಅದರ ಎಡಗಡೆ ಗೋಡೆಯಲ್ಲಿ, ಎಂದೋ ಬಿದ್ದುಹೋದ ಗುಡಿಯಿಂದ ತಂದು ಸೇರಿಸಿದ ಹಂಸದ ಕೆತ್ತನೆಯ ಕಂಬ.

ನಿಜ ಬೇರೆಯೇ ಇತ್ತು. ಹಳೇ ಪುಸ್ತಕದ ಚಿತ್ರ ನೋಡಿಕೊಂಡು ತಾಮ್ರದ ತಗಡಿನಲ್ಲಿ ಕೊರೆದು, ಕಾಗದಕ್ಕೆ ಅಚ್ಚೊತ್ತಿ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಮುದಿಮಾಡಿದ್ದು ಇವಳೇ! ಟೂರಿಸ್ಟುಗಳು ಚಿತ್ರದ ಜಾತಕ ಕೇಳುತ್ತಾರೆಯೇ ಎಂಬ ಧೈರ್ಯ.

ಆದರೆ ಮೇಷ್ಟ್ರು ಪ್ರತಿ ಭಾನುವಾರ ಬಂದ. ಆ ಕಂಬಕ್ಕಾಗಿ ಎಡಗಡೆ ಗೋಡೆಯನ್ನೆಲ್ಲ ತಡಕಾಡಿ, ಬೆವರೊರೆಸಿಕೊಂಡು ಇವಳ ಅಂಗಡಿಯಲ್ಲಿ ಕೂರುತ್ತಿದ್ದ. ಮಾತು ಬೆಳೆಯಿತು. ಸೋಮವಾರದಿಂದಲೇ ಇವಳು ಭಾನುವಾರಕ್ಕೆ ಕಾಯತೊಡಗಿದಳು.

ಕಂಬ ಸಿಗುವುದಾದರೂ ಹೇಗೆ? ತಗಡಿನಲ್ಲಿ ಚಿತ್ರವನ್ನು ಎಡಬಲ ತಿರುಗುಮುರುಗಾಗಿ ಕೊರೆಯಬೇಕು. ಇವಳು ಕಂಡಂತೆಯೇ ಕೊರೆದಿದ್ದಳು. ಅಚ್ಚಿನಲ್ಲಿ ಬಲ ಎಡವಾಗಿತ್ತು! ತಪ್ಪು ಗೊತ್ತಾದ ಮೇಲೂ ಬಾಯಿ ಬರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಐದನೇ ಭಾನುವಾರ ಅವನೇ ತಲೆತಗ್ಗಿಸಿ ಹೇಳಿದ. "ನೀವು ಒಳ್ಳೆ ಚಿತ್ರಾನೇ ಕೊಟ್ರಿ, ನಂಗೇ ನೋಡಕ್ಕೆ ಬರ್ನಿಲ್ಲ. ನಾಳಿದ್ದು ನಲವತ್ತು ಮಕ್ಕಳನ್ನ ಕರ್ಕೊಂಡ್ ಬತ್ತೀನಿ. ಮೇಷ್ಟ್ರು ಕಂಬ ತೋರುಸ್ತಾರೆ ಅಂತ ಕಾಯ್ತಾವ್ರೆ..."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಹೇಳಿದರೆ ಇವನು ಮತ್ತೆ ಬರುವುದಿಲ್ಲ. ಹೇಳದಿದ್ದರೆ ಮಕ್ಕಳೆದುರು ಇವನ ಮಾನ ಹೋಗುತ್ತದೆ... ನನ್ನಿಂದ!

"ಬನ್ನಿ ಮೇಷ್ಟ್ರೇ," ಎಂದು ಎದ್ದಳು.

ಬಾಗಿಲ ಬಲಗಡೆ, ಗಿಡಗಂಟಿ ಸರಿಸಿ ತೋರಿಸಿದಳು. ಹಂಸ ಅಲ್ಲಿತ್ತು.

"ಆ ಚಿತ್ರ ನಾನೇ ಮಾಡಿದ್ದು. ಹಳೇದಲ್ಲ. ಅಚ್ಚು ಉಲ್ಟಾ ಆಗೋಯ್ತು. ಗೊತ್ತಿದ್ದೂ ನಿಮ್ಮನ್ನ ಬಿಸಿಲಲ್ಲಿ ಅಲೆಸ್ದೆ..." ಅಳು ಒತ್ತರಿಸಿತು. ಮುಖ ಎತ್ತಲಾಗಲಿಲ್ಲ.

ಅವನು ಹಂಸದತ್ತ ತಿರುಗಿ ನಿಂತ. ಮುಗಿಯಿತು, ಎಂದುಕೊಂಡಳು.

"ನಂಗೂ ನಾಚ್ಕೆ ಆಯ್ತದೆ ಕಣ್ರೀ," ಎಂದ ಮೆಲ್ಲಗೆ. "ಈ ಕಂಬ ನಂಗೆ ಎರಡನೇ ಭಾನುವಾರವೇ ಸಿಕ್ಕಿತ್ತು."

"ಆಂ! ಮತ್ತೆ ಮೂರು ವಾರ ಆ ಕಡೆ ಯಾಕೆ ಹುಡುಕುದ್ರಿ?"

"ಸಿಕ್ತು ಅಂದಿದ್ರೆ, ನಿಮ್ಮ ಅಂಗಡಿಗೆ ಬರಕ್ಕೆ ನೆಪ ಎಲ್ಲಿತ್ತು?"

ಸಹನ ಕಣ್ಣೀರಲ್ಲೇ ನಕ್ಕಳು.

"ನೆಪ ಬ್ಯಾಡ ಮೇಷ್ಟ್ರೇ... ಸುಮ್ನೆ ಬನ್ನಿ."