ದೀಪ ಆರುವ ತನಕ ಕೇತಕಿ

ಬಹಳ ಹಿಂದೆ, ಹುಲಿಗಳು ಮಾತಾಡುತ್ತಿದ್ದ ಕಾಲದಲ್ಲಿ, ಹವಳಪುರ ಎಂಬ ರಾಜ್ಯವಿತ್ತು. ಅಲ್ಲಿ ಕರಾಳಕನೆಂಬ ಮಾಂತ್ರಿಕನಿದ್ದ. ಅವನು ಹೆಸರು ಹಿಡಿದು ಕೂಗಿದಾಗ ‘ಓ’ ಎಂದವರು ಕಲ್ಲಾಗುತ್ತಿದ್ದರು. ಆ ಕಲ್ಲುಗಳನ್ನು ತನ್ನ ಕೋಟೆಯ ಅಂಗಳದಲ್ಲಿ ನಿಲ್ಲಿಸಿಕೊಳ್ಳುವುದು ಅವನ ಚಟ. ಮೂರು ಸಲ ಕೂಗಿಯೂ ಉತ್ತರ ಬರದಿದ್ದರೆ ಕೂಗಿದವನೇ ಕಲ್ಲಾಗಬೇಕೆಂಬ ಷರತ್ತೂ ಆ ಮಂತ್ರಕ್ಕಿತ್ತು. ಆದರೆ ಸ್ವಂತ ಹೆಸರಿಗೆ ಓಗೊಡದವರು ಯಾರಿದ್ದಾರೆ?

ತೊಗಲುಬೊಂಬೆ ಆಡಿಸುವ ಸಣ್ಣೀರಪ್ಪ ದೀಪಕ್ಕೆ ಎಣ್ಣೆ ತರಲು ಹೋದವನು ಹಾಗೆಯೇ ಕಲ್ಲಾದ. ತಾಯಿಯಿಲ್ಲದ ಮಗಳು ನಿಂಗಿ ಅತ್ತು ಅತ್ತು ಸಾಕಾಗಿ, ಅಪ್ಪನ ಬೊಂಬೆಗಳಲ್ಲಿ ತನಗೆ ಅಚ್ಚುಮೆಚ್ಚಾದ ವೀರರಾಣಿ ಕೇತಕಿಯನ್ನು ಎದೆಗವಚಿಕೊಂಡಳು. ಅಂದಿನಿಂದ ಕೇತಕಿಯ ಹಾಗೆ ನಡೆದಳು, ಕೇತಕಿಯ ದನಿಯಲ್ಲೇ ಮಾತಾಡಿದಳು. ‘ನಿಂಗಿ’ ಎಂದು ಕರೆದರೆ ತಿರುಗಿಯೂ ನೋಡಲಿಲ್ಲ. ಪಾಪ, ತಲೆ ಕೆಟ್ಟಿದೆ ಎಂದರು ಊರವರು. ಹೇಳುವವರಿಗೇನು, ಬಾಯಿಗೆ ಬೀಗವೇ?

“ನಿಂಗಿ ಬರೀ ಅಳ್ತಾಳೆ,” ಎಂದಳು ಹುಡುಗಿ. “ಕೇತಕಿ ಹೋಗಿ ಅಪ್ಪನ್ನ ಕರ್ಕೊಂಡು ಬರ್ತಾಳೆ.”

ತಳದಲ್ಲಿ ಉಳಿದಿದ್ದ ಎಣ್ಣೆಯಲ್ಲೇ ಬೊಂಬೆಯಾಟದ ದೀಪ ಹಚ್ಚಿಕೊಂಡು ಹೊರಟಳು. ಬೊಂಬೆಯವರದೊಂದು ಕಟ್ಟಳೆ: ದೀಪ ಉರಿಯುವಷ್ಟು ಹೊತ್ತು ಪರದೆಯ ಹಿಂದಿನವರು ಸ್ವಂತ ಹೆಸರಿಗೆ ಓಗೊಡಬಾರದು.

ಕಾಡಿನಲ್ಲಿ ನೀಲಿ ಹುಲಿ ಅಡ್ಡ ಬಂತು. “ಯಾರು ನೀನು?”

“ರಾಣಿ ಕೇತಕಿ. ದಾರಿ ಬಿಡು.”

ಹೆದರಿಕೆಯಾದರೂ ದೀಪ ಎತ್ತಿ ಹಿಡಿದಳು, ದನಿ ನಡುಗಲಿಲ್ಲ. ಹುಲಿ ದಾರಿ ಬಿಟ್ಟಿತು.

ಮುಂದೆ ಕುದಿಯುವ ಹೊಳೆ ಕೇಳಿತು, “ಯಾರು ನೀನು?”

“ರಾಣಿ ಕೇತಕಿ. ದಾರಿ ಬಿಡು.”

ಹೊಳೆಯೂ ದಾರಿ ಬಿಟ್ಟಿತು.

ಕೋಟೆಯಲ್ಲಿ ಕರಾಳಕ ಯಾರೆಂದು ಕೇಳಲಿಲ್ಲ. ಸಣ್ಣೀರಪ್ಪನದೇ ದನಿ ತೆಗೆದು ಕರೆದ: “ನಿಂಗೀ, ಬಾ ಮಗಾ.”

ಓಗೊಡಲು ಬಾಯಿ ತೆರೆದೇಬಿಟ್ಟಿದ್ದಳು. ಕೈಯಲ್ಲಿ ದೀಪ ಉರಿಯುತ್ತಿತ್ತು. ತುಟಿ ಕಚ್ಚಿದಳು. ಅವನು ಮತ್ತೆ ಕರೆದ. ಮತ್ತೂ ಕರೆದ. ಕರೆಯುತ್ತ ಬಾಯಿ ತೆರೆದಂತೆಯೇ ಕಲ್ಲಾದ.

ನಿಂಗಿ ಅಂಗಳಕ್ಕೆ ಓಡಿ ಅಪ್ಪನ ಕಲ್ಲನ್ನು ತಬ್ಬಿದಳು. “ಏಳು, ರಾಣಿ ಕೇತಕಿ ಬಂದಿದ್ದಾಳೆ.”

ಕಲ್ಲು ಅಲುಗಲಿಲ್ಲ. ಕೇತಕಿಯನ್ನು ಕತ್ತರಿಸಿ ಬಣ್ಣ ಹಚ್ಚಿದವನೇ ಅವನು. ಅವನು ಕಾಯುತ್ತಿದ್ದುದು ಅವಳಿಗಾಗಿ ಅಲ್ಲ, ಮಗಳಿಗಾಗಿ. ನಿಂಗಿಯಾದರೆ ಮತ್ತೆ ಅಳಬೇಕಲ್ಲ ಎಂದು ಹುಡುಗಿಗೆ ಹುಲಿಯೆದುರು ಆದದ್ದಕ್ಕಿಂತ ಹೆಚ್ಚು ಭಯವಾಯಿತು. ಆದರೂ ಊದಿ ದೀಪ ಆರಿಸಿದಳು.

“ಅಪ್ಪಾ, ನಾನು ನಿಂಗಿ,” ಎಂದು ಗೋಳೋ ಎಂದು ಅತ್ತಳು.

ಕಲ್ಲು ಬೆಚ್ಚಗಾಯಿತು. “ಎಣ್ಣೆ ತರೋದೇ ಮರೆತೆ ಮಗಾ,” ಎಂದ ಅಪ್ಪ.

ಉಳಿದವರನ್ನು ಅವರವರ ಮನೆಯವರು ಬಂದು ಕರೆದು ಎಬ್ಬಿಸಿಕೊಂಡು ಹೋದರು. ಹವಳಪುರದಲ್ಲಿ ಎಲ್ಲರೂ ಸುಖವಾಗಿದ್ದರು. ಆಟಕ್ಕೆ ದೀಪ ಹಚ್ಚಿದರೆ ಹುಡುಗಿ ಕೇತಕಿಯೇ, ನೀಲಿ ಹುಲಿ ಕೂಡ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿತ್ತು. ದೀಪ ಆರಿಸಿ ಅಪ್ಪ ಊಟಕ್ಕೆ ಕರೆದರೆ ಮಾತ್ರ, ಒಂದೇ ಕೂಗಿಗೆ ನಿಂಗಿ ‘ಓ’ ಎನ್ನುತ್ತಿದ್ದಳು.