ಉಗುರಿನ ಸಾಕ್ಷಿ

ಬಸಪ್ರಭುವಿನ ಕಾಲುಗುರಿನ ಉದ್ದನೆಯ ಸೀಳು ಯಂತ್ರದೊಳಗೆ ಬಿದ್ದದ್ದೇ ತಡ, ಪರದೆಯ ಮೇಲೆ ಕೆಂಪು ಗೆರೆ ಮೂಡಿತು. ಬುಡದಿಂದ ತುದಿಯವರೆಗೂ ಕೆಂಪು.

2058ರ ವಿಜಯಪುರದ ಆಸ್ಪತ್ರೆಯಲ್ಲಿದ್ದ ಆ ಯಂತ್ರವನ್ನು ಕಟ್ಟಿದವಳು ವಿಜ್ಞಾನಿ ಗಿರಿಜಾ ಹಂಚಿನಾಳ. ಕಾಲಿನ ಹೆಬ್ಬೆರಳ ಉಗುರು ನಿಧಾನವಾಗಿ ಬೆಳೆಯುತ್ತದೆ. ಬುಡದಲ್ಲಿ ಈ ತಿಂಗಳು, ತುದಿಯಲ್ಲಿ ಹೋದ ವರ್ಷ. ಕುಡಿದ ಮದ್ಯಸಾರದ ಕುರುಹು ಅದರ ಪದರಗಳಲ್ಲಿ ಕೂತುಬಿಡುತ್ತದೆ, ಯಂತ್ರ ಅದನ್ನು ಕೆಂಪಾಗಿ ತೋರಿಸುತ್ತದೆ. ಯಕೃತ್ತು ಕೆಟ್ಟವರಿಗೆ ಹೊಸ ಯಕೃತ್ತು ಬೇಕಾದರೆ ವರ್ಷವಿಡೀ ಮದ್ಯ ಮುಟ್ಟಿರಬಾರದು. ಶಿಫಾರಸಿನವರು ನುಸುಳದಂತೆ ಫಲಿತಾಂಶ ನೇರವಾಗಿ ಸರದಿ ಪಟ್ಟಿಗೆ ಹೋಗಬೇಕು, ನಡುವೆ ಮನುಷ್ಯರ ಕೈ ಇರಕೂಡದು ಎಂದು ಹಟ ಹಿಡಿದವಳೂ ಅವಳೇ. ಬಸಪ್ರಭುವಿನ ಹೆಸರು ತಾನಾಗಿ ಅಳಿಯಿತು. ಅವನಿಗೆಂದು ಬಂದಿದ್ದ ಯಕೃತ್ತು ಮಧ್ಯಾಹ್ನವೇ ಬೇರೆ ಊರಿಗೆ ಹೋಯಿತು.

ಬಸ್ಸುಗಳಿಗೆ ಬಣ್ಣ ಹೊಡೆಯುವವನು ಅವನು. ಹಿಂದೆ ಕಂಠಮಟ್ಟ ಕುಡಿದವನು. ಈಗ ಹೊಟ್ಟೆ ಉಬ್ಬಿತ್ತು, ಕಣ್ಣು ಅರಿಶಿನ.

"ನಮ್ಮಕ್ಕನ ಆಣಿ ಮೇಡಂರಿ, ಕುಡದಿಲ್ಲ."

ಕುಡುಕರ ಆಣೆ ನೀರ ಮೇಲಿನ ಬರಹವೆಂದು ಗಿರಿಜಾ ಬಲ್ಲಳು. ಆದರೂ ಆ ಗೆರೆ ಅವಳನ್ನು ಕಾಡುತ್ತಿತ್ತು. ಕುಡುಕನ ಗೆರೆ ಹಬ್ಬ, ಸಂಬಳ, ಜಗಳಗಳಿಗೆ ತಕ್ಕಂತೆ ಏರಿಳಿಯುತ್ತದೆ. ಇದು ತೆಳ್ಳಗೆ, ಒಂದೇ ಸಮ.

"ಮನ್ಯಾಗ ಏನ್ ತಿಂತೀಪಾ, ಏನ್ ಕುಡೀತಿ?"

"ಗಂಜಿ, ಮಜ್ಜಿಗಿ. ಮತ್ತ ಎರಡೂ ಹೊತ್ತು ಅಕ್ಕ ಮಾಡಿದ ದ್ರಾಕ್ಷಾರಿಷ್ಟ, ಒಂದೊಂದ್ ಸಣ್ಣ ಲೋಟ. ಲಿವರಿಗೆ ಚಲೋ ಅಂತ್ರಿ."

ಗಿರಿಜಾಗೆ ಗೆರೆಯ ಗುಟ್ಟು ತಿಳಿಯಿತು. ಊರಿನದೇ ದ್ರಾಕ್ಷಿಗೆ ಬೆಲ್ಲ ಹಾಕಿ, ಭರಣಿಯ ಬಾಯಿ ಕಟ್ಟಿ, ಹುಳಿಯಲು ಬಿಟ್ಟ ಮದ್ದು. ಹುಳಿದಂತೆ ಅದರಲ್ಲಿ ಮದ್ಯಸಾರ ಹುಟ್ಟುತ್ತದೆ.

"ಅದರಾಗೂ ಅದೇ ಐತಿ ತಮ್ಮಾ," ಎಂದಳು.

ಅವನು ಹೊದಿಕೆಯನ್ನು ಮುಖದ ಮೇಲೆಳೆದುಕೊಂಡ.

ಗಿರಿಜಾ ಸರದಿ ಪಟ್ಟಿಯ ಸಮಿತಿಗೆ ಫೋನ್ ಮಾಡಿ, ಅವನ ಹೆಸರು ಮತ್ತೆ ಸೇರಿಸಲು ಕೇಳಿದಳು. "ಯಂತ್ರ ತಪ್ಪು ಹೇಳಿಲ್ಲವಲ್ಲ ಮೇಡಂ? ನಿಯಮ ನಿಮ್ಮದೇ. ಇನ್ನೊಂದು ವರ್ಷ ಕಾಯಲಿ," ಎಂದರು. ಬಸಪ್ರಭುವಿಗೆ ಅಷ್ಟು ಆಯುಸ್ಸು ಉಳಿದಿರಲಿಲ್ಲ.

ಸಂಜೆ ಅವನ ಅಕ್ಕ ನೀಲವ್ವ ಅರಿಷ್ಟದ ಬಾಟಲಿ ಹಿಡಿದು ವಾರ್ಡಿಗೆ ಬಂದಳು. ತಾಯಿ ಸತ್ತ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು.

"ಹೆಸರು ತಗದಾರಂತಲ್ರಿ? ಇಂವ ಕುಡದಾನೇನು?"

ಗಿರಿಜಾ ಬಾಯಿ ತೆರೆಯುವಷ್ಟರಲ್ಲಿ ಬಸಪ್ರಭು ಹೇಳಿಬಿಟ್ಟ. "ಹೌದ್ ಯಕ್ಕಾ. ಕದ್ದು ಕುಡೀತಿದ್ದೆ."

ಹೇಳಿ ಗಿರಿಜಾಳ ಕಡೆ ಕೈ ಮುಗಿಯುವವನಂತೆ ನೋಡಿದ. ಅವಳು ಆ ಸುಳ್ಳನ್ನು ತಿದ್ದಲಿಲ್ಲ. ಅವಳಿಗೆ ತನ್ನ ಯಂತ್ರದ ಮೇಲೆ ಹೇಸಿಗೆ ಹುಟ್ಟಿತು.

"ಕುಡಿಯಂಗಿಲ್ಲಂತ ನನ್ನ ಆಣಿ ಮಾಡಿ ಹೊಟ್ಟಿ ಉರಿಸಿದೆಲ್ಲೋ ಭಾಡ್ಯಾ!" ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದ ಮಂಚದವನ ಕಡೆ ತಿರುಗಿದಳು. ಅವನಿಗೂ ಅದೇ ರೋಗ. ಸರದಿಯಲ್ಲಿ ಅವನ ಹೆಸರೂ ಇತ್ತು. "ತಗೋರಿ ಯಣ್ಣಾ, ನೀವರ ಕುಡೀರಿ. ಇವನ ಹಣ್ಯಾಗ ಬರದಿಲ್ಲ." ಲೋಟಕ್ಕೆ ಸುರಿದಳು.

ಗಿರಿಜಾ ಅವಳ ಕೈ ಹಿಡಿದಳು. "ಬ್ಯಾಡ್ರಿ ಅಕ್ಕಾರ."

"ಯಾಕ್ರಿ?"

ಬಸಪ್ರಭು ಗೋಡೆಯ ಕಡೆ ಮುಖ ತಿರುಗಿಸಿದ.

ಹಿಂದಿನ ಕಾಲದ ವೈದ್ಯರು ರೋಗಿಯ ಪಕ್ಕ ಕೂತು, ಮನೆಯಲ್ಲಿ ಏನು ತಿನ್ನುತ್ತೀ, ಏನು ಕುಡಿಯುತ್ತೀ ಎಂದು ಕೇಳುತ್ತಿದ್ದರು. ಒಂದು ವರ್ಷದ ಹಿಂದೆ ಯಾರಾದರೂ ಅಷ್ಟು ಕೇಳಿದ್ದರೆ ಸಾಕಾಗುತ್ತಿತ್ತು. ಗಿರಿಜಾ ಸ್ಟೂಲು ಎಳೆದುಕೊಂಡು ನೀಲವ್ವನ ಎದುರು ಕೂತಳು. ಅವಳ ಕೈಯಿಂದ ಬಾಟಲಿ ತೆಗೆದುಕೊಂಡು, ಅದರೊಳಗೆ ಏನಿದೆಯೆಂದು ಹೇಳತೊಡಗಿದಳು.