ಅಕ್ಕಿಯಲ್ಲಿ ಬರೆಯದ ಹೆಸರು

“ಅವ್ವ ಒಪ್ಪಿದ್ಲು,” ಎಂದ ಬಾಳಾಸಾಹೇಬ, ಖಾನಾಪುರ ಸ್ಟೇಶನ್ನಿನ ಬೆಂಚಿನ ಮೇಲೆ ಕೂರುವ ಮೊದಲೇ.

ರೆನೆಗೆ ನಗು ಬಂತು. ಹಂಚಿನ ಕಾರ್ಖಾನೆಯಲ್ಲಿ ಲಾರಿ ಡ್ರೈವರುಗಳನ್ನು ನಡುಗಿಸುವ ಗಂಡಸು ಈಗ ಏದುಸಿರು ಬಿಡುತ್ತಿದ್ದ. ಅಂಗಿಯ ತೋಳಿಗೆ ಕೆಂಪು ಮಣ್ಣು ಮೆತ್ತಿತ್ತು. ಜಾಡಿಸಲು ಕೈ ಎತ್ತಿದವಳು, ಯಾರೋ ನೋಡಿದರೆಂದು ಹಿಂದಕ್ಕೆ ತೆಗೆದುಕೊಂಡಳು. ಅವನು ತೋಳನ್ನು ತಾನೇ ಅವಳತ್ತ ಸರಿಸಿ, ಏನೂ ಅರಿಯದವನಂತೆ ಸಿಗ್ನಲ್ ಕಂಬ ನೋಡುತ್ತ ಕುಳಿತ.

“ಮಂದಿ ನೋಡ್ತಾರ್ರೀ.”

“ನೋಡ್ಲಿ ಬಿಡು. ನಾಳೆ ಅಕ್ಷತಿ ಹಾಕಾವ್ರೂ ಅವರಽ.”

ಮಾತು ಮಾತ್ರ ಜೋರು. ಜನರೆದುರು ಅವಳನ್ನು ‘ಬಾಯಾರ’ ಎಂದೇ ಕರೆಯುವ ಪುಕ್ಕಲ ಅವನು. ಹೆಸರು ಹಿಡಿದು ಕೂಗುವ ಧೈರ್ಯ ಎಂದೂ ಬಂದಿರಲಿಲ್ಲ.

ಆ ಹೆಸರಿನಿಂದಲೇ ಇಬ್ಬರ ಕಥೆ ಶುರುವಾಗಿತ್ತು. ಎಪ್ಪತ್ತೇಳರ ಬೇಸಿಗೆಯಲ್ಲಿ ಅವನು ಬೆಳಗಾವಿ ಕ್ಯಾಂಪಿನ ಅವಳ ಅಪ್ಪನ ಬೇಕರಿಗೆ ಪಾವ್ ಕೊಳ್ಳಲು ಬಂದಿದ್ದ. ಒಳಗಿನಿಂದ ಅಪ್ಪ ಅವಳನ್ನು ಕರೆದದ್ದು ಕೇಳಿ, “ರೆನೆ ಅಂದ್ರ ಏನ್ರೀ?” ಎಂದ.

“ಫ್ರೆಂಚ್ ಹೆಸರ್ರೀ. ಮರಳಿ ಹುಟ್ಟಿದಾಕಿ ಅಂತ ಅರ್ಥ.”

“ಹಂಗಾರ ಹೋದ ಜನ್ಮದಾಗ ನಾವು ಎಲ್ಲ್ಯೋ ಭೆಟ್ಟಿ ಆಗಿರಬೇಕ.”

ಪಾವ್ ಕಟ್ಟುತ್ತಿದ್ದ ದಾರ ಅವಳ ಬೆರಳಿಗೇ ಸುತ್ತಿಕೊಂಡಿತ್ತು. ಅಂದಿನಿಂದ ಅವನಿಗೆ ತನ್ನೂರು ಪಾರಿಶ್ವಾಡದ ಮನೆಯ ರೊಟ್ಟಿ ರುಚಿಸದೆ ಹೋಯಿತು.

ಅವನು ಹೆಂಡತಿ ಸತ್ತವನು. ಗೌರವ್ವ ಚೊಚ್ಚಲ ಹೆರಿಗೆಯಲ್ಲಿ ಕೂಸಿನೊಂದಿಗೇ ಹೋಗಿಬಿಟ್ಟಿದ್ದಳು. ತಾಯಿ ಶಿವಬಸವ್ವ ಆ ಸೊಸೆಯನ್ನು ಹೊಟ್ಟೆಯ ಮಗಳಂತೆ ನೋಡಿಕೊಂಡವಳು. ಕಿರಸ್ತಾನರ ಹುಡುಗಿ ಹೊಸ್ತಿಲು ದಾಟಬಾರದೆಂದು ಎರಡು ವರ್ಷ ಹಟ ಹಿಡಿದಿದ್ದಳು.

“ಹೆಂಗ ಒಪ್ಪಿದ್ರು?” ರೆನೆ ಕೇಳಿದಳು.

“ನಿನ್ನ ಹೆಸರಽ ಒಪ್ಪಿಸ್ತು. ಅರ್ಥ ಹೇಳಿದೆ. ಅವ್ವ ಗಳಗಳ ಅತ್ತಳು. ನಮ್ಮ ಗೌರವ್ವ ತಿರುಗಿ ಬಂದಾಳ, ಕರಕೊಂಡ ಬಾ ಅಂದ್ಲು. ಲಗ್ನದಾಗ ಅಕ್ಕ್ಯಾಗ ಗೌರವ್ವ ಅಂತಽ ಬರೀಬೇಕಂತ.”

ಆ ಪದ್ಧತಿ ಅವಳಿಗೂ ಗೊತ್ತಿತ್ತು. ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರವಿ, ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ತವರಿನ ಹೆಸರು ಅಲ್ಲಿಗೆ ಮುಗಿಯಿತು.

“ನೀವೇನಂದ್ರಿ?”

“ಹೂಂ ಅಂದೆ. ಹೆಸರಿನಾಗೇನೈತಿ? ಅರ್ಥ ಅಂತೂ ಅದಽ ಅಲ್ಲ?”

ಪಾಪ, ಸಕ್ಕರೆ ಹಂಚುವವನ ಮುಖ ಅವನದು. ರೆನೆಯ ನಗು ಆರಿಹೋಯಿತು.

“ಈ ಹೆಸರು ನನಗ ಯಾಕಿಟ್ರು, ಹೇಳೇ ಇಲ್ಲ ನಿಮಗ. ನನಕಿಂತ ಮೊದಲ ಒಬ್ಬಾಕಿ ಅಕ್ಕ ಇದ್ಲು. ಜ್ವರ ಬಂದು ಹೋದ್ಲು. ಆಮ್ಯಾಲ ನಾ ಹುಟ್ಟಿದೆ. ಆಕಿನಽ ಬಂದ್ಲು ಅಂತ ನಮ್ಮಮ್ಮ ಈ ಹೆಸರಿಟ್ಲು. ಆಕಿ ಫ್ರಾಕು ಹಾಕ್ಕೊಂಡು ಬೆಳದೆ. ಬರ್ತ್‌ಡೇನೂ ಆಕೀದಽ ಮಾಡ್ತಿದ್ರು. ನನ್ನ ಮಾರಿ ನೋಡಿ ಅಮ್ಮ ಅಕ್ಕನ್ನ ಹುಡುಕ್ತಿದ್ಲು. ಈಗೂ ಹುಡುಕ್ತಾಳ.”

ಬಾಳಾಸಾಹೇಬ ಅವಳತ್ತ ತಿರುಗಿ ಕುಳಿತ.

ಕಾನ್ವೆಂಟಿನಲ್ಲಿ ಒಬ್ಬ ಮುದಿ ಸಿಸ್ಟರ್ ಅವಳಿಗೆ ಆ ಹೆಸರಿನ ಮೂಲ ತಿಳಿಸಿದ್ದಳು. ಹಿಂದಿನ ಕಾಲದ ಕ್ರೈಸ್ತರು ದೀಕ್ಷಾಸ್ನಾನವಾದಾಗ ಲ್ಯಾಟಿನ್ನಿನಲ್ಲಿ ‘ರೆನಾತಾ’ ಎಂದು ಇಟ್ಟುಕೊಳ್ಳುತ್ತಿದ್ದರು. ಅದೇ ಫ್ರಾನ್ಸಿನಲ್ಲಿ ರೆನೆ ಆಯಿತು. ಸತ್ತವರು ತಿರುಗಿ ಬರುವುದಲ್ಲ ಮಗೂ, ಬದುಕಿರುವವಳೇ ಹೊಸದಾಗಿ ಹುಟ್ಟುವುದು ಎಂದಿದ್ದಳು ಸಿಸ್ಟರ್. ಹುಡುಗಿ ಕುಣಿಯುತ್ತ ಮನೆಗೆ ಓಡಿ ಅಮ್ಮನಿಗೆ ಹೇಳಿದಳು. ಅಮ್ಮ ಕೇಳಿಸಿಕೊಂಡು, ಅಕ್ಕನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದಳು.

ಇದನ್ನೆಲ್ಲ ರೆನೆ ನಿಧಾನವಾಗಿ ಹೇಳಿ ಮುಗಿಸಿದಳು.

“ತಪ್ಪಾತು,” ಎಂದ ಅವನು. “ಅವ್ವಗ ಹೇಳ್ತೀನಿ. ಬ್ಯಾರೆ ಹೆಸರು ಇಡೂಣು. ಇಲ್ಲಾಂದ್ರ ಇದಽ ಇರಲಿ.”

“ನಿಮ್ಮವ್ವನ ಮಾತು ಬಿಡ್ರಿ. ನಿಮಗೂ ನನ್ನೊಳಗ ಗೌರವ್ವ ಕಾಣ್ತಾಳೇನು?”

ಅವನು ತನ್ನ ಅಂಗೈ ನೋಡಿಕೊಂಡ. ದೂರದಲ್ಲಿ ಬೆಳಗಾವಿ ಗಾಡಿಯ ಸಿಳ್ಳೆ ಕೇಳಿಸಿತು.

“ಒಮ್ಮೊಮ್ಮೆ,” ಎಂದ. “ನೀ ನಕ್ಕಾಗ.”

ಇಲ್ಲ ಎಂದಿದ್ದರೆ ನಂಬುತ್ತಿದ್ದಳು. ಲಗ್ನವೂ ಆಗುತ್ತಿತ್ತು. ಸುಳ್ಳು ಬಾರದವನನ್ನು ಪ್ರೀತಿಸಿದರೆ ಇದೇ ಫಜೀತಿ. ಅಷ್ಟು ನೋವಿನಲ್ಲೂ ಅವನ ಮೇಲೆ ಅವಳಿಗೆ ಮಮತೆ ಉಕ್ಕಿತು.

“ಸತ್ತಾಕಿ ಬದಲಿ ಬದುಕೂದು ನನಗ ರೂಢಿ ಐತ್ರಿ. ಅದಕ್ಕಽ ಬ್ಯಾಡ ಅಂತೀನಿ. ನಿಮ್ಮ ಮನ್ಯಾಗ ನನ್ನ ನಗೂನೂ ನಂದಾಗೂದಿಲ್ಲ.”

“ನನ್ನ ಬಿಟ್ಟು ಇರ್ತೀಯೇನು?”

“ಇರಾಕ ಆಗೂದಿಲ್ಲ,” ಎಂದಳು ರೆನೆ. “ಆದ್ರೂ ಇರ್ತೀನಿ.”

ಗಾಡಿ ಬಂತು. ಎದ್ದು, ಪ್ಲಾಟ್‌ಫಾರ್ಮಿನ ಅಷ್ಟೂ ಜನರ ಎದುರು ಅವನ ತೋಳಿನ ಮಣ್ಣು ಜಾಡಿಸಿದಳು. ಮಣ್ಣು ಹೋದ ಮೇಲೂ ಕೈ ಅಲ್ಲೇ ಇತ್ತು. ಆಮೇಲೆ ಹತ್ತಿ, ಕಿಟಕಿಯ ಪಕ್ಕ ಕುಳಿತಳು.

ಗಾಲಿ ಉರುಳಿದವು. ಅವನು ನಾಲ್ಕು ಹೆಜ್ಜೆ ನಡೆದ, ಆಮೇಲೆ ಓಡಿದ.

“ರೆನೆ,” ಎಂದು ಕೂಗಿದ.

ಚಹಾದವನು ತಿರುಗಿ ನೋಡಿದ, ಹಮಾಲರು ನೋಡಿದರು. ಅವನು ಯಾರಿಗೂ ಅಂಜಲಿಲ್ಲ. ಇನ್ನೊಮ್ಮೆ ಅದೇ ಹೆಸರು ಕೂಗಿದ.

ಸಿಗ್ನಲ್ ಕಂಬ ದಾಟುವವರೆಗೂ ಅವಳು ಅಳು ನುಂಗಿಕೊಂಡಳು. ಎದುರಿಗೆ ಕುಳಿತ ಮುದುಕಿ ಮುಂದೆ ಬಾಗಿ, “ಯಾಕ ತಂಗಿ, ಹೆಸರೇನು ನಿಂದು?” ಎಂದು ಕೇಳಿದಳು.

“ರೆನೆ ಅಂತ್ರಿ,” ಎಂದಳು. ಅಷ್ಟು ಹೇಳಿ, ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.